ಜಟ್ಟಿಯ ಒಂದು ಬೇಸಿಗೆ

2004ರ ಮಾರ್ಚ್ 14ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಿಕ್ಕಿರಿದಿತ್ತು. ವೃತ್ತಿಪರ ಕುಸ್ತಿಯ ವಾರ್ಷಿಕ ಜಾತ್ರೆಯಾದ ರೆಸಲ್‌ಮೇನಿಯಾಕ್ಕೆ ಅದು ಇಪ್ಪತ್ತನೆಯ ವರ್ಷ. ರಿಂಗಿನೊಳಗೆ ಎದುರುಬದುರಾಗಿ ನಿಂತವರು ಬಿಲ್ ಗೋಲ್ಡ್‌ಬರ್ಗ್ ಮತ್ತು ಬ್ರಾಕ್ ಲೆಸ್ನರ್. ಗಂಟೆ ಬಾರಿಸಿತು, ಆದರೆ ಇಬ್ಬರೂ ಕೈ ಎತ್ತಲಿಲ್ಲ. ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಬಹಳ ಹೊತ್ತು ಸುತ್ತು ಹಾಕಿದರು. ಗ್ಯಾಲರಿಯಿಂದ ಕೂಗಾಟ ಎದ್ದಿತು. ಅದು ಹುರಿದುಂಬಿಸುವ ಕೂಗಲ್ಲ, ಇಬ್ಬರನ್ನೂ ಒಟ್ಟಿಗೇ ಹೀಯಾಳಿಸುವ ಕೂಗು. ಈ ಪಂದ್ಯ ಮುಗಿಸಿ ಇಬ್ಬರೂ ಕಂಪನಿ ಬಿಡುತ್ತಾರೆಂಬ ಸುದ್ದಿ ಜನರ ಕಿವಿಗೆ ಮೊದಲೇ ಬಿದ್ದಿತ್ತು. ವಿದಾಯದ ಹಾಡನ್ನು ಅಣಕವಾಡುತ್ತ ಸಾವಿರಾರು ಮಂದಿ ಒಂದೇ ದನಿಯಲ್ಲಿ ಹಾಡಿದರು. ಕೊನೆಗೆ ಗೋಲ್ಡ್‌ಬರ್ಗ್ ಗೆದ್ದ. ಪಂದ್ಯದ ರೆಫರಿ, ಸ್ವತಃ ಹಳೆಯ ಹುಲಿ ಸ್ಟೀವ್ ಆಸ್ಟಿನ್, ಗೆದ್ದವನನ್ನೂ ಸೋತವನನ್ನೂ ಒಬ್ಬರಾದ ಮೇಲೊಬ್ಬರಂತೆ ಕೆಡವಿದ. ಜನ ಮನಸಾರೆ ಚಪ್ಪಾಳೆ ತಟ್ಟಿದ್ದು ಅದೊಂದಕ್ಕೇ.

ಆ ಗದ್ದಲದಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಸಂಗತಿ ಇತ್ತು. ಗೋಲ್ಡ್‌ಬರ್ಗ್ ಕುಸ್ತಿಗೆ ಬಂದದ್ದೇ ಅಮೆರಿಕನ್ ಫುಟ್‌ಬಾಲಿನಿಂದ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಆಡಿ, 1990ರ ದಶಕದ ಮೊದಲ ವರ್ಷಗಳಲ್ಲಿ ಅಟ್ಲಾಂಟಾ ಫಾಲ್ಕನ್ಸ್ ತಂಡದಲ್ಲಿದ್ದು, ಹೊಟ್ಟೆಯ ಸ್ನಾಯು ಹರಿದು ಆಟ ನಿಂತ ಮೇಲೆ ರಿಂಗ್ ಹತ್ತಿದವನು. ಲೆಸ್ನರ್ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಹೊರಟಿದ್ದ. ಕುಸ್ತಿ ಬಿಟ್ಟು ಫುಟ್‌ಬಾಲ್ ಆಡುತ್ತೇನೆ, ಅದೂ ದೇಶದ ಅತ್ಯುನ್ನತ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೇ ಆಡುತ್ತೇನೆ ಎಂಬುದು ಅವನ ಹಟ. ಶಾಲೆ ಬಿಟ್ಟ ಮೇಲೆ ಒಂದು ದಿನವೂ ಆ ಆಟ ಆಡಿದವನಲ್ಲ.

ಫುಟ್‌ಬಾಲ್ ಎಂದರೆ ನಾವು ಕಾಲಲ್ಲಿ ಒದೆಯುವ ಆಟವಲ್ಲ. ನೂರು ಗಜದ ಮೈದಾನ, ಎರಡೂ ಕಡೆ ಹನ್ನೊಂದು ಹನ್ನೊಂದು ಜನ, ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್. ಒಂದೊಂದು ಬಾರಿಯ ಆಟ ಐದಾರು ಸೆಕೆಂಡು ಮಾತ್ರ. ಅಷ್ಟರಲ್ಲಿ ಚೆಂಡು ಮುಂದೆ ಹೋಗಬೇಕು, ಇಲ್ಲವೇ ಎದುರಾಳಿ ಅದನ್ನು ಹಿಡಿದವನನ್ನು ನೆಲಕ್ಕೆ ಕೆಡವಬೇಕು. ಈ ಆಟದ ನಟ್ಟನಡುವೆ, ಎರಡು ಸಾಲುಗಳು ಡಿಕ್ಕಿ ಹೊಡೆಯುವ ಜಾಗದಲ್ಲಿ, ಅತಿ ಭಾರದ ಆಳುಗಳು ನಿಲ್ಲುತ್ತಾರೆ. ಲೆಸ್ನರ್ ಕಣ್ಣಿಟ್ಟದ್ದು ಅಲ್ಲಿಯ ಡಿಫೆನ್ಸಿವ್ ಟ್ಯಾಕಲ್ ಎಂಬ ಸ್ಥಾನದ ಮೇಲೆ. ದೂರದಿಂದ ನೋಡುವವರಿಗೆ ಅದು ಬರೀ ಮೈಬಲದ ಕೆಲಸದಂತೆ ಕಾಣುತ್ತದೆ.

ಮೈಬಲಕ್ಕೆ ಅವನಲ್ಲಿ ಕೊರತೆ ಇರಲಿಲ್ಲ. 1977ರಲ್ಲಿ ಸೌತ್ ಡಕೋಟ ರಾಜ್ಯದ ವೆಬ್‌ಸ್ಟರ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿ, ಹೈನು ಸಾಕುವ ಮನೆಯಲ್ಲಿ ಬೆಳೆದವನು. ಹದಿನೇಳಕ್ಕೆ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆ ಸೇರಿದ. ಸ್ಫೋಟಕಗಳ ಕೆಲಸ ಬೇಕೆಂದು ಕೇಳಿದರೆ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ಕಾಣದ ಕಣ್ಣು ಅಡ್ಡ ಬಂತು. ಕಚೇರಿ ಕೆಲಸಕ್ಕೆ ಹಾಕಿದರು; ಟೈಪಿಂಗ್ ಪರೀಕ್ಷೆಯಲ್ಲಿ ಫೇಲಾಗಿ ಹೊರಬಿದ್ದ. ಆಮೇಲೆ ನಾರ್ತ್ ಡಕೋಟದ ಬಿಸ್ಮಾರ್ಕ್ ಕಾಲೇಜಿನಲ್ಲಿ ಕುಸ್ತಿ, 1998ರಲ್ಲಿ ಕಿರಿಯ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ, ಅಲ್ಲಿಂದ ಮಿನೆಸೊಟಾ ವಿಶ್ವವಿದ್ಯಾಲಯ. ಇದು ಹಗ್ಗದ ರಿಂಗಿನ ಕುಸ್ತಿಯಲ್ಲ, ಚಾಪೆಯ ಮೇಲಿನ ನಿಜವಾದ ಕುಸ್ತಿ. ಏಳು ನಿಮಿಷದ ಪಂದ್ಯ, ಅಂಕ, ಪಟ್ಟು, ಮರುಪಟ್ಟು. 2000ದಲ್ಲಿ ದೇಶದ ಕಾಲೇಜು ಕುಸ್ತಿಯ ಹೆವಿವೇಟ್ ಪಟ್ಟ ಅವನದಾಯಿತು. ನಾಲ್ಕು ವರ್ಷಗಳ ಲೆಕ್ಕ 106 ಗೆಲುವು, 5 ಸೋಲು.

ಆ ಐದು ಸೋಲುಗಳಲ್ಲಿ ಒಂದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. 1999ರ ಫೈನಲ್‌ನಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಿಂದ ಬಂದ ಸ್ಟೀಫನ್ ನೀಲ್ ಎಂಬ ಹುಡುಗ ಲೆಸ್ನರ್‌ನನ್ನು 3-2ರಿಂದ ಸೋಲಿಸಿದ. ಒಂದೇ ಒಂದು ಅಂಕ. ಅದೇ ವರ್ಷ ಅಂಕಾರಾದಲ್ಲಿ ನೀಲ್ ವಿಶ್ವ ಚಾಂಪಿಯನ್ ಆದ.

ಕಾಲೇಜು ಮುಗಿದ ಕೂಡಲೇ ಲೆಸ್ನರ್‌ನನ್ನು ವಿನ್ಸ್ ಮೆಕ್‌ಮಹನ್‌ನ ಕುಸ್ತಿ ಕಂಪನಿ (ಈಗಿನ ಡಬ್ಲ್ಯುಡಬ್ಲ್ಯುಇ) ಎತ್ತಿಕೊಂಡಿತು. ಕೆಂಟಕಿಯ ಲೂಯಿವಿಲ್‌ನಲ್ಲಿ ತರಬೇತಿ. 2002ರ ಮಾರ್ಚ್‌ನಲ್ಲಿ ಟಿವಿಗೆ ಬಂದ, ಆಗಸ್ಟ್‌ನಲ್ಲಿ ದಿ ರಾಕ್‌ನನ್ನು ಕೆಡವಿ ಇಪ್ಪತ್ತೈದನೆಯ ವಯಸ್ಸಿಗೇ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ. ಅಲ್ಲಿಯವರೆಗೆ ಅಷ್ಟು ಚಿಕ್ಕವನು ಯಾರೂ ಆ ಬೆಲ್ಟ್ ಕಟ್ಟಿರಲಿಲ್ಲ. ನಮ್ಮೂರಿನ ಮಕ್ಕಳ ಟ್ರಂಪ್ ಕಾರ್ಡುಗಳ ಕಟ್ಟಿಗೂ ಅವನ ಹೆಸರು ಬಂತು. ದಿ ರಾಕ್ ಕೂಡ ಮಾಜಿ ಫುಟ್‌ಬಾಲಿಗನೇ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಯಾಮಿ ವಿಶ್ವವಿದ್ಯಾಲಯದ ತಂಡದಲ್ಲಿದ್ದವನು, 1995ರಲ್ಲಿ ಕೆನಡಾದ ಕ್ಯಾಲ್ಗರಿ ತಂಡ ಕೈಬಿಟ್ಟ ಮೇಲೆ ಅಪ್ಪ ಅಜ್ಜ ಮಾಡಿದ ಕುಸ್ತಿಗೆ ಬಂದ.

ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತುಪಡಿಸಿದ್ದು. ಬೀಳುವುದು ಮಾತ್ರ ನಿಜ. 2003ರ ರೆಸಲ್‌ಮೇನಿಯಾದಲ್ಲಿ ಲೆಸ್ನರ್ ಹಗ್ಗದ ಮೇಲಿನ ಮೂಲೆಯಿಂದ ಗಾಳಿಯಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯಲು ಹೋಗಿ, ತಲೆಯ ಮೇಲೆ ಬಿದ್ದು ಪ್ರಜ್ಞೆ ತಪ್ಪುವಷ್ಟು ಪೆಟ್ಟು ತಿಂದ. ಹಾಗಿದ್ದೂ ಪಂದ್ಯ ಮುಗಿಸಿದ, ಬರೆದಿಟ್ಟಂತೆ ಗೆದ್ದ. ವರ್ಷವಿಡೀ ಊರಿಂದೂರಿಗೆ ತಿರುಗಾಟ, ನೋವಿಗೆ ಮಾತ್ರೆ, ಮಾತ್ರೆಯ ಜೊತೆಗೆ ವೋಡ್ಕಾ ಎಂದು ಮುಂದೆ ತನ್ನ ಆತ್ಮಕಥೆಯಲ್ಲಿ ಅವನೇ ಬರೆದುಕೊಂಡ. ಎರಡೇ ವರ್ಷದಲ್ಲಿ ಸಾಕಾಗಿ ಹೋಯಿತು. ಕಂಪನಿ ಬಿಟ್ಟುಕೊಟ್ಟಿತು, ಆದರೆ 2010ರ ಜೂನ್‌ವರೆಗೆ ಬೇರೆ ಯಾವ ಕುಸ್ತಿ ಕಂಪನಿಗೂ ಹೋಗಬಾರದೆಂಬ ಷರತ್ತಿಗೆ ಸಹಿ ಹಾಕಿಸಿಕೊಂಡಿತು. ಫುಟ್‌ಬಾಲಿನ ಬಗ್ಗೆ ಮೆಕ್‌ಮಹನ್ ಅಷ್ಟೇನೂ ತಲೆ ಕೆಡಿಸಿಕೊಂಡಂತಿಲ್ಲ. ಅದರ ರುಚಿ ಅವನಿಗೆ ಆಗಲೇ ಸಿಕ್ಕಿತ್ತು. 2001ರಲ್ಲಿ ಎನ್‌ಬಿಸಿ ಟಿವಿಯ ಜೊತೆ ಸೇರಿ ಎಕ್ಸ್‌ಎಫ್‌ಎಲ್ ಎಂಬ ತನ್ನದೇ ಫುಟ್‌ಬಾಲ್ ಲೀಗ್ ತೆರೆದಿದ್ದ. ಕುಸ್ತಿಯ ಅಬ್ಬರವನ್ನು ಫುಟ್‌ಬಾಲಿಗೆ ತುಂಬುವ ಆಸೆ. ಮೊದಲ ವಾರ ದೇಶವೆಲ್ಲ ನೋಡಿತು, ಎರಡನೆಯ ವಾರದಿಂದ ಚಾನೆಲ್ ಬದಲಾಯಿಸಿತು. ಒಂದೇ ಸೀಸನ್ನಿಗೆ ಲೀಗ್ ಮುಚ್ಚಿತು, ಕೋಟಿಗಟ್ಟಲೆ ಡಾಲರ್ ನೀರಿನಲ್ಲಿ ಹೋಯಿತು. ಲೆಸ್ನರ್‌ಗಿಂತ ಮುಂಚೆ ಅವನ ಧಣಿಯೇ ಆ ದಾರಿಯಲ್ಲಿ ಎಡವಿದ್ದ.

ಎಕ್ಸ್‌ಎಫ್‌ಎಲ್‌ನ ವೀಕ್ಷಕ ವಿವರಣೆಗೆ ಕೂತಿದ್ದವನು ಜೆಸ್ಸಿ ವೆಂಚುರಾ. ಮಾಜಿ ಕುಸ್ತಿಪಟು. ಆ ಹೊತ್ತಿಗೆ ಮಿನೆಸೊಟಾ ರಾಜ್ಯದ ಗವರ್ನರ್! ಅಮೆರಿಕದಲ್ಲಿ ಗವರ್ನರ್ ಎಂದರೆ ರಾಜಭವನದ ಅತಿಥಿಯಲ್ಲ, ನಮ್ಮ ಮುಖ್ಯಮಂತ್ರಿಯ ಕೆಲಸ. ವಾರದ ದಿನಗಳಲ್ಲಿ ರಾಜ್ಯಭಾರ, ವಾರಾಂತ್ಯಕ್ಕೆ ಕಾಮೆಂಟರಿ. ಇಂಥ ಸಂಗತಿಯನ್ನು ಮಿನೆಸೊಟಾದವರು ಸಹಿಸಿದ್ದಕ್ಕೆ ಕಾರಣವಿದೆ. ಕುಸ್ತಿ ಮತ್ತು ಫುಟ್‌ಬಾಲ್‌ಗಳ ನಡುವಿನ ಓಡಾಟಕ್ಕೆ ಆ ಹಿಮದ ನಾಡಿನಷ್ಟು ಹಳೆಯ ಚರಿತ್ರೆ ಅಮೆರಿಕದಲ್ಲಿ ಬೇರೆಲ್ಲೂ ಸಿಗುವುದು ಕಷ್ಟ.

ಆ ಚರಿತ್ರೆಯ ಮೂಲಪುರುಷ ಬ್ರಾಂಕೊ ನಗುರ್ಸ್ಕಿ. 1908ರಲ್ಲಿ ಕೆನಡಾದ ಗಡಿಯಾಚೆ ಹುಟ್ಟಿ, ಈಚೆಯ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಊರಿನಲ್ಲಿ ಬೆಳೆದವನು. ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆಡಿ, 1930ರಲ್ಲಿ ಶಿಕಾಗೊ ಬೇರ್ಸ್ ಸೇರಿದ. ಅವನ ಮೈಯಳತೆಯ ಬಗ್ಗೆ ಹುಟ್ಟಿದ ಕಟ್ಟುಕತೆಗಳನ್ನೆಲ್ಲ ಬದಿಗಿಟ್ಟರೂ, ಆ ಕಾಲದಲ್ಲಿ ಅವನಿಗೆ ಎದುರು ನಿಲ್ಲುವವರು ಕಡಿಮೆ ಇದ್ದರು ಎನ್ನುವುದು ನಿಜ. ಆದರೆ ಅದು ಆರ್ಥಿಕ ಮಹಾಕುಸಿತದ ಕಾಲ. 5,000 ಡಾಲರಿಗೆ ಶುರುವಾದ ಅವನ ಸಂಬಳ ಏರುವ ಬದಲು ಇಳಿಯುತ್ತ ಬಂತು. ಊರೂರಿನ ಕುಸ್ತಿ ಗುತ್ತಿಗೆದಾರರು ಮಾತ್ರ ಹಣ ಬಿಚ್ಚುತ್ತಿದ್ದರು. 1933ರಿಂದ ನಗುರ್ಸ್ಕಿ ಎರಡನ್ನೂ ಹಿಡಿದ. 1937ರಲ್ಲಿ ಮೂರು ವಾರಗಳ ಒಂದು ಅವಧಿಯಲ್ಲಿ ಬೇರ್ಸ್‌ಗೆ ಐದು ಪಂದ್ಯ ಆಡಿ, ನಡುನಡುವೆ ಎಂಟು ಊರುಗಳಲ್ಲಿ ಕುಸ್ತಿ ಹಿಡಿದ. ಪಶ್ಚಿಮದ ಪೋರ್ಟ್‌ಲೆಂಡ್‌ನಿಂದ ಪೂರ್ವದ ಫಿಲಡೆಲ್ಫಿಯಾವರೆಗೆ, ಆ ಕಾಲದ ಪ್ರಯಾಣ ಸೌಕರ್ಯದಲ್ಲಿ! ಆ ವರ್ಷದ ಕೊನೆಗೆ ಫುಟ್‌ಬಾಲ್ ಬಿಟ್ಟ. 1939ರ ಜೂನ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಲೂ ಥೆಸ್‌ನನ್ನು ಸೋಲಿಸಿ ಕುಸ್ತಿಯ ವಿಶ್ವ ಪಟ್ಟ ಪಡೆದ.

ನಗುರ್ಸ್ಕಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. 1943ರಲ್ಲಿ ಎರಡನೆಯ ಮಹಾಯುದ್ಧಕ್ಕೆ ಹುಡುಗರೆಲ್ಲ ಹೋಗಿ ತಂಡಗಳು ಬರಿದಾದಾಗ ಬೇರ್ಸ್‌ನವರು ಅವನನ್ನು ಮತ್ತೆ ಕರೆದರು. ಐದು ಸೀಸನ್ ಬರೀ ರಿಂಗಿನಲ್ಲಿದ್ದ, ಮೂವತ್ತೈದು ವರ್ಷದ, ಮೈಯೆಲ್ಲ ಹಳೆ ಗಾಯಗಳ ಕುಸ್ತಿಯಾಳು. ಡಿಸೆಂಬರ್ 26ರ ಫೈನಲ್‌ನಲ್ಲಿ ವಾಷಿಂಗ್ಟನ್ ವಿರುದ್ಧ ಅವನೂ ಚೆಂಡನ್ನು ಕೊನೆಯ ಗೆರೆ ದಾಟಿಸಿ ಒಂದು ಟಚ್‌ಡೌನ್ ಹೊಡೆದ. ಬೇರ್ಸ್ 41-21ರಿಂದ ಗೆದ್ದಿತು. ಕುಸ್ತಿಯಿಂದ ಎನ್‌ಎಫ್‌ಎಲ್‌ಗೆ ಬಂದು ಗೆದ್ದವರು ಯಾರು ಎಂದು ಕೇಳಿದರೆ ನಗುರ್ಸ್ಕಿಯ ಹೆಸರು ಹೇಳುವವರಿದ್ದಾರೆ. ಆದರೆ ಅವನು ಹೊಸದಾಗಿ ಬಂದವನಲ್ಲ, ತವರಿಗೆ ಮರಳಿದವನು. ಆ ವ್ಯತ್ಯಾಸ ಸಣ್ಣದಲ್ಲ.

ಅವನ ಹಿಂದೆಯೇ ಅದೇ ವಿಶ್ವವಿದ್ಯಾಲಯದಿಂದ ವರ್ನ್ ಗಾನ್ಯ ಬಂದ. ಕಾಲೇಜು ಕುಸ್ತಿಯ ಚಾಂಪಿಯನ್, ಫುಟ್‌ಬಾಲಿನಲ್ಲೂ ಕೈ ಪಳಗಿದವನು. 1947ರಲ್ಲಿ ಶಿಕಾಗೊ ಬೇರ್ಸ್ ಅವನನ್ನು ಆರಿಸಿತು. ಮಾಲೀಕ ಜಾರ್ಜ್ ಹಾಲಸ್ ನಗುರ್ಸ್ಕಿಯಿಂದ ಪಾಠ ಕಲಿತಿದ್ದನೋ ಏನೋ, ಎರಡು ದೋಣಿಯಲ್ಲಿ ಕಾಲಿಡಲು ಬಿಡಲಿಲ್ಲ. ಒಂದನ್ನು ಆರಿಸಿಕೋ ಎಂದ. ಗಾನ್ಯ ಕುಸ್ತಿಯನ್ನು ಆರಿಸಿಕೊಂಡ. ಆಗ ಅದರಲ್ಲೇ ಹೆಚ್ಚು ದುಡ್ಡಿತ್ತು. ಮುಂದೆ ಮಿನಿಯಾಪೊಲಿಸ್‌ನಲ್ಲಿ ತನ್ನದೇ ಕುಸ್ತಿ ಸಂಸ್ಥೆ ಕಟ್ಟಿ ಮೂರು ದಶಕ ಆಳಿದ. ಇಟಲಿಯಲ್ಲಿ ಹುಟ್ಟಿದ ಲಿಯೋ ನೊಮೆಲಿನಿಯೂ ಅದೇ ವಿಶ್ವವಿದ್ಯಾಲಯದವನು. 1950ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಸೇರಿ, ಹದಿನಾಲ್ಕು ಸೀಸನ್ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದ. ಫುಟ್‌ಬಾಲ್ ಇಲ್ಲದ ತಿಂಗಳುಗಳಲ್ಲಿ ಕುಸ್ತಿ ಹಿಡಿದು ಕಾಸು ಮಾಡಿದ. ಬೇರೆ ರಾಜ್ಯಗಳಲ್ಲಿ ಅರ್ನಿ ಲ್ಯಾಡ್, ವಾಹೂ ಮೆಕ್‌ಡೇನಿಯಲ್ ಇದೇ ರೀತಿ ಬದುಕಿದರು.

ಈ ಪಟ್ಟಿಯಲ್ಲಿ ಎಲ್ಲರೂ ಫುಟ್‌ಬಾಲಿನಿಂದ ಕುಸ್ತಿಗೆ ಹೋದವರು. ಫುಟ್‌ಬಾಲ್ ಅಂಥವರಿಗೆ ಹೆಸರು ಕೊಟ್ಟಿತ್ತು, ಆ ಹೆಸರನ್ನು ಕುಸ್ತಿ ಟಿಕೆಟ್ಟಾಗಿ ಮಾರಿತು. ಪೋಸ್ಟರಿನ ಮೇಲೆ ಪರಿಚಿತ ಹೆಸರಿದ್ದರೆ ಸಾಕು, ಪಟ್ಟುಗಳನ್ನು ಆಮೇಲೆ ಕಲಿಯಬಹುದು. ಎದುರಿನವನು ಪಳಗಿದವನಾದರೆ ಹೊಸಬನನ್ನೂ ಹುಲಿಯಂತೆ ಕಾಣಿಸಬಲ್ಲ. ಹಣದ ಲೆಕ್ಕ ಮಾತ್ರ 1970ರ ದಶಕದ ನಂತರ ತಲೆಕೆಳಗಾಯಿತು. ಟಿವಿ ಹಣದಿಂದ ಎನ್‌ಎಫ್‌ಎಲ್ ಉಬ್ಬಿತು. ಎರಡನ್ನೂ ಒಟ್ಟಿಗೆ ಮಾಡುವ ಅಗತ್ಯವೂ ಉಳಿಯಲಿಲ್ಲ, ಅವಕಾಶವೂ ಉಳಿಯಲಿಲ್ಲ. ಆಮೇಲೆ ಕುಸ್ತಿಗೆ ಬಂದವರು ಹೆಚ್ಚಿನಂಶ ಗೋಲ್ಡ್‌ಬರ್ಗ್‌ನಂತೆ ಫುಟ್‌ಬಾಲ್ ಕೈಕೊಟ್ಟ ಮೇಲೆ ಬಂದವರು. ಲೆಸ್ನರ್ ಮುರಿಯಲು ಹೊರಟದ್ದು ಎಪ್ಪತ್ತು ವರ್ಷಗಳ ಈ ಏಕಮುಖ ಸಂಚಾರವನ್ನು.

ಶುರುವಾಗುವ ಮೊದಲೇ ಏಟು ಬಿತ್ತು. ಮ್ಯಾಡಿಸನ್ ಸ್ಕ್ವೇರ್‌ನ ಆ ರಾತ್ರಿ ಕಳೆದು ಐದು ವಾರವೂ ಆಗಿರಲಿಲ್ಲ. ಏಪ್ರಿಲ್ 17ರಂದು ಅವನ ಮೋಟರ್‌ಸೈಕಲ್‌ಗೆ ಮಿನಿವ್ಯಾನ್ ಒಂದು ಡಿಕ್ಕಿ ಹೊಡೆಯಿತು. ದವಡೆ ಮುರಿಯಿತು, ಎಡಗೈ ಮುರಿಯಿತು, ಸೊಂಟದ ಮೂಳೆಗೆ ಪೆಟ್ಟಾಯಿತು, ತೊಡೆಸಂದಿನ ಸ್ನಾಯು ಎಳೆದುಕೊಂಡಿತು. ಬೇರೆ ಯಾವ ಗಾಯವಾಗಿದ್ದರೂ ಇಷ್ಟು ಕಾಡುತ್ತಿರಲಿಲ್ಲವೇನೋ. ಟ್ಯಾಕಲ್ ಸ್ಥಾನದಲ್ಲಿ ನಿಲ್ಲುವವನ ಬಂಡವಾಳ ಎರಡು: ಮುಂದಿನವನ ಎದೆಗೆ ಗುದ್ದಿ ಹಿಡಿಯುವ ಕೈ, ಚೆಂಡು ಚಲಿಸಿದ ಕ್ಷಣದಲ್ಲಿ ನೆಲ ಒದ್ದು ಸಿಡಿಯುವ ಮೊದಲ ಹೆಜ್ಜೆ. ಆ ಹೆಜ್ಜೆಯ ಶಕ್ತಿ ಹುಟ್ಟುವುದೇ ತೊಡೆಸಂದಿನಲ್ಲಿ.

ಅಪಘಾತವಾಗಿ ಎರಡು ತಿಂಗಳು ತುಂಬುವುದರೊಳಗೆ, ಜೂನ್ 11ರಂದು, ಮಿನೆಸೊಟಾ ವೈಕಿಂಗ್ಸ್ ತಂಡ ಅವನ ಪರೀಕ್ಷೆ ಮಾಡಿತು. ಆರಡಿ ಮೂರಂಗುಲ, ಸುಮಾರು 130 ಕಿಲೋ. ನಲವತ್ತು ಗಜವನ್ನು 4.7 ಸೆಕೆಂಡಿನಲ್ಲಿ ಓಡುತ್ತಾನೆ, ನೂರು ಕಿಲೋ ಭಾರವನ್ನು ಮಲಗಿ ಮೂವತ್ತು ಸಲ ಎತ್ತುತ್ತಾನೆ ಎಂದು ಪತ್ರಿಕೆಗಳಲ್ಲಿ ಅಂಕಿಗಳು ಓಡಾಡಿದವು. ಆ ಗಾತ್ರದ ಮನುಷ್ಯನಿಗೆ ಇವು ದಂಗುಬಡಿಸುವ ಅಂಕಿಗಳು. ಸ್ನಾಯು ನೋವಿನಿಂದ ಆ ದಿನದ ಪರೀಕ್ಷೆ ಅಷ್ಟು ಚೆನ್ನಾಗಿ ಆಗಲಿಲ್ಲ. ಹಾಗಿದ್ದೂ ಜುಲೈ 27ರಂದು ತಂಡ ಒಪ್ಪಂದ ಮಾಡಿಕೊಂಡಿತು. ಎರಡು ವಾರಗಳ ಹಿಂದಷ್ಟೇ ಅವನಿಗೆ ಇಪ್ಪತ್ತೇಳು ತುಂಬಿತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದ ಹುಡುಗರು ಎನ್‌ಎಫ್‌ಎಲ್‌ಗೆ ಬರುವುದು ಇಪ್ಪತ್ತೆರಡರ ಆಸುಪಾಸಿಗೆ.

ವೈಕಿಂಗ್ಸ್‌ಗೆ ಅವನು ಯಾಕೆ ಬೇಕಾಗಿದ್ದ? ಪ್ರಚಾರಕ್ಕೆ ಎಂದವರು ಆಗಲೂ ಇದ್ದರು. ಇರಬಹುದು. ಸ್ಥಳೀಯ ವಿಶ್ವವಿದ್ಯಾಲಯದ ಚಾಂಪಿಯನ್, ಟಿವಿಯ ತಾರೆ. ಅಭ್ಯಾಸ ನೋಡಲೂ ಜನ ಸೇರುತ್ತಾರೆ. ಆದರೆ ಇನ್ನೊಂದು ಕಾರಣವೂ ಕಾಣುತ್ತದೆ. ಹಿಂದಿನ ಡಿಸೆಂಬರಿನಲ್ಲಿ ಅರಿಜೋನಾ ವಿರುದ್ಧ ಸೀಸನ್ನಿನ ಕೊನೆಯ ಪಂದ್ಯದ ಕೊನೆಯ ಆಟದಲ್ಲಿ ಟಚ್‌ಡೌನ್ ಬಿಟ್ಟುಕೊಟ್ಟು ವೈಕಿಂಗ್ಸ್ ಪ್ಲೇಆಫ್ ಕಳೆದುಕೊಂಡಿತ್ತು. ಎದುರಾಳಿಯನ್ನು ತಡೆಯುವ ಪಡೆ ಆ ತಂಡದ ನೋವಿನ ಜಾಗ. 1970ರ ಸುಮಾರಿಗೆ ಅದೇ ತಂಡದ ರಕ್ಷಣಾ ಸಾಲು ದೇಶವನ್ನೇ ನಡುಗಿಸಿತ್ತು. ಆ ಸಾಲಿನ ಅಲನ್ ಪೇಜ್ ಮುಂದೆ ಕಾನೂನು ಓದಿ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ. ಕುಸ್ತಿಯಾಳು ಗವರ್ನರ್ ಆದ, ಫುಟ್‌ಬಾಲಿಗ ನ್ಯಾಯಮೂರ್ತಿಯಾದ ರಾಜ್ಯದಲ್ಲಿ ಒಬ್ಬ ಕುಸ್ತಿಯಾಳು ಫುಟ್‌ಬಾಲಿಗನಾಗುವುದು ದೊಡ್ಡ ಮಾತೇ ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪೆನ್ನಲಾಗದು.

ಮಂಕೇಟೊ ಎಂಬ ಊರಿನ ಕಾಲೇಜು ಮೈದಾನದಲ್ಲಿ ತರಬೇತಿ ಶಿಬಿರ. ಲೆಸ್ನರ್‌ಗೆ ಸಿಕ್ಕ ಜೆರ್ಸಿ ಸಂಖ್ಯೆ 69. ಆ ಜೆರ್ಸಿ ತೊಟ್ಟು ತೆಗೆಸಿಕೊಂಡ ಫೋಟೋಗಳು ಆಟಗಾರರ ಕಾರ್ಡುಗಳಿಗೂ ಹೋದವು. ಸ್ಥಾನಕ್ಕಾಗಿ ಅವನ ಜೊತೆ ಪೈಪೋಟಿಗೆ ನಿಂತವರಲ್ಲಿ ಕೆವಿನ್ ವಿಲಿಯಮ್ಸ್, ಕ್ರಿಸ್ ಹೋವನ್ ಇದ್ದರು, ಇಬ್ಬರೂ ಕಾಲೇಜಿನಿಂದ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ ಬಂದವರು. ಶಿಬಿರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬರುತ್ತಾರೆ, ಸೀಸನ್ನಿಗೆ ಉಳಿಯುವವರು 53. ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಸಂಬಳ ಖಾತ್ರಿಯಿಲ್ಲ, ಉಳಿದರೆ ಉಂಟು.

ಅವನು ಅಲ್ಲಿ ಏನನ್ನು ಕಲಿಯಬೇಕಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕತೆಯ ಗಂಟು ಇರುವುದು ಅಲ್ಲೇ. ಟ್ಯಾಕಲ್ ಒಂದು ಕೈಯನ್ನು ನೆಲಕ್ಕೂರಿ ಬಾಗಿ ನಿಂತಿರುತ್ತಾನೆ. ಎದುರಿಗೆ ನೂರನಲವತ್ತು ಕಿಲೋ ತೂಕದ ಆಳು, ಪಕ್ಕದಲ್ಲಿ ಅಂಥವನೇ ಇನ್ನೊಬ್ಬ. ಚೆಂಡು ಚಲಿಸಿದ ಕ್ಷಣದಲ್ಲಿ ಎದುರಿನವನ ಹೆಲ್ಮೆಟ್ ಯಾವ ಕಡೆ ತಿರುಗಿತು, ಹೆಗಲು ಮೇಲೆದ್ದಿತೋ ಕೆಳಗಿಳಿಯಿತೋ ಎಂಬುದರಿಂದ ಇದು ಓಟದ ಆಟವೋ ಎಸೆತದ ಆಟವೋ ಎಂದು ಊಹಿಸಬೇಕು. ಇಬ್ಬರು ಸೇರಿ ಒತ್ತಬಹುದು. ಬೇಕೆಂದೇ ದಾರಿ ಬಿಟ್ಟು ಒಳಗೆ ಬಿಟ್ಟುಕೊಂಡು, ಬದಿಯಿಂದ ಮೂರನೆಯವನು ಬಂದು ಗುದ್ದಬಹುದು. ಅವನ ಕೆಲಸ ಎದುರಿನವನನ್ನು ಗೆಲ್ಲುವುದಲ್ಲ, ತನಗೆ ಹೇಳಿದ ಸಂದಿಯನ್ನು ಮುಚ್ಚಿಡುವುದು. ಎದುರಿನವನನ್ನು ಎತ್ತಿ ಒಗೆದರೂ ಆ ಸಂದಿಯಿಂದ ಚೆಂಡು ನುಸುಳಿದರೆ ಬೈಗುಳ ಅವನಿಗೇ. ಇದೆಲ್ಲ ಯೋಚಿಸಿ ಮಾಡುವಂಥದ್ದಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಸಾವಿರಾರು ಸಲ ತಿಂದ ಪೆಟ್ಟು ಮೈಗೆ ಕಲಿಸಿರಬೇಕು. ಚಾಪೆಯ ಕುಸ್ತಿಯಲ್ಲಿ ಎದುರಾಳಿ ಒಬ್ಬನೇ, ಮೈ ಮುಟ್ಟಿ ಅವನ ಎಳೆತ ತಿಳಿಯಲು ನಿಮಿಷಗಳ ಅವಕಾಶವಿದೆ. ಇಲ್ಲಿ ಅರ್ಧ ಸೆಕೆಂಡು.

ಇನ್ನೊಂದು ತೊಡಕನ್ನು ಯಾರೂ ಹೆಚ್ಚಾಗಿ ಹೇಳಿದಂತಿಲ್ಲ. ಡಬ್ಲ್ಯುಡಬ್ಲ್ಯುಇ ಅವನಿಗೆ ಕಲಿಸಿದ್ದು ನೇರ ವಿರುದ್ಧ ವಿದ್ಯೆಯನ್ನು. ಎದುರಿನವನನ್ನು ತಲೆಯ ಮೇಲಿಂದ ಎಸೆಯುವಾಗಲೂ ಅವನ ಕತ್ತು ಮುರಿಯದಂತೆ ನೋಡಿಕೊಳ್ಳುವುದೇ ಆ ಕಸುಬಿನ ಮರ್ಯಾದೆ. ತರಬೇತಿಯ ವರ್ಷಗಳನ್ನೂ ಸೇರಿಸಿದರೆ ಸುಮಾರು ನಾಲ್ಕು ವರ್ಷ ಅವನ ಮೈ ರೂಢಿಸಿಕೊಂಡದ್ದು ಅದನ್ನು.

ಕೆಚ್ಚಿಗೇನೂ ಕಡಿಮೆ ಇರಲಿಲ್ಲ. ಕಾನ್ಸಾಸ್ ಸಿಟಿ ಚೀಫ್ಸ್ ಜೊತೆ ನಡೆದ ಅಭ್ಯಾಸ ಆಟದಲ್ಲಿ, ಚೆಂಡು ಎಸೆದು ಆಟ ನಡೆಸುವ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆಯೇ ಎರಗಿ ಕೆಡವಿದ. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟಬಾರದೆಂಬುದು ಎಲ್ಲರೂ ಪಾಲಿಸುವ ರಿವಾಜು. ಎರಡು ತಂಡಗಳ ನಡುವೆ ತಳ್ಳಾಟ ಗುದ್ದಾಟವಾಯಿತು. ಅಭಿಮಾನಿಗಳಿಗೆ ಖುಷಿಯೋ ಖುಷಿ. ಆದರೆ ಅಭ್ಯಾಸದ ಆಟದಲ್ಲಿ ಯಾವಾಗ ಕೈ ತಡೆಯಬೇಕು ಎಂಬುದೂ ಆಟ ಬಲ್ಲವರ ಮೈಗೆ ಬಂದಿರುವ ಪಾಠವೇ.

ಆಗಸ್ಟ್‌ನಲ್ಲಿ ಸೀಸನ್ನಿಗೆ ಮುಂಚಿನ ಕೆಲವು ಪಂದ್ಯಗಳಲ್ಲಿ ಆಡಿದ. ಕೊನೆಯ ಕ್ವಾರ್ಟರಿನಲ್ಲಿ, ತಾರೆಯರೆಲ್ಲ ಕುಳಿತ ಮೇಲೆ, ಕೆಲಸ ಉಳಿಸಿಕೊಳ್ಳಲು ಹೆಣಗುವ ಹುಡುಗರ ಜೊತೆ ಆಡುವ ಆಟ ಅದು. ತಿಂಗಳ ಕೊನೆಗೆ ವೈಕಿಂಗ್ಸ್ ಅವನನ್ನು ಕೈಬಿಟ್ಟಿತು. 53ರ ಅಂತಿಮ ಪಟ್ಟಿ ತಯಾರಾಗುವವರೆಗೂ ಕಾಯಲಿಲ್ಲ.

ತಂಡ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಆ ಕಾಲಕ್ಕೆ ಎನ್‌ಎಫ್‌ಎಲ್ ಯುರೋಪಿನಲ್ಲಿ ಒಂದು ಕಿರಿಯ ಲೀಗ್ ನಡೆಸುತ್ತಿತ್ತು. ಹೆಚ್ಚಿನ ತಂಡಗಳು ಜರ್ಮನಿಯ ಊರುಗಳಲ್ಲಿ. ಅಲ್ಲಿ ಹೋಗಿ ಒಂದು ವಸಂತ ಆಡಿಕೊಂಡು ಬಾ, ಆಮೇಲೆ ನೋಡೋಣ ಎಂಬ ಆಹ್ವಾನ ಬಂತು. ಲೆಸ್ನರ್ ಒಪ್ಪಲಿಲ್ಲ. ಕುಟುಂಬ ಬಿಟ್ಟು ಅಷ್ಟು ದೂರ ಹೋಗಲು ಮನಸ್ಸಿಲ್ಲ ಎಂದ. ಊರೂರು ತಿರುಗಿ ಬೇಸತ್ತೇ ಕುಸ್ತಿ ಬಿಟ್ಟವನಿಗೆ ಅದು ಸಹಜವಾದ ಉತ್ತರ. ಆದರೆ ನನ್ನ ಲೆಕ್ಕದಲ್ಲಿ ಅವನ ಫುಟ್‌ಬಾಲ್ ಮುಗಿದದ್ದು ಆಗಸ್ಟಿನಲ್ಲಿ ಅಲ್ಲ, ಆ ಉತ್ತರ ಕೊಟ್ಟ ದಿನ. ಒಂದು ತಿಂಗಳ ಶಿಬಿರ, ಅದೂ ಗಾಯದಿಂದ ಆಗಷ್ಟೇ ಎದ್ದ ಮೈಯಲ್ಲಿ. ಅದನ್ನು ಪ್ರಯತ್ನ ಎನ್ನಬಹುದೇ ಹೊರತು ಸೋಲು ಎನ್ನಲು ಸಾಕಾಗದು.

ಹೀಗೆ ಹೇಳಲು ಧೈರ್ಯ ಬರುವುದು ಸ್ಟೀಫನ್ ನೀಲ್‌ನಿಂದ. 1999ರಲ್ಲಿ ಒಂದು ಅಂಕದಿಂದ ಲೆಸ್ನರ್‌ನನ್ನು ಸೋಲಿಸಿದ ಅದೇ ನೀಲ್. ಸಿಡ್ನಿ ಒಲಿಂಪಿಕ್ಸ್ ತಂಡದಲ್ಲಿ ಸ್ಥಾನ ತಪ್ಪಿದ ಮೇಲೆ 2001ರಲ್ಲಿ ಅವನೂ ಎನ್‌ಎಫ್‌ಎಲ್ ಬಾಗಿಲು ತಟ್ಟಿದ. ಕಾಲೇಜಿನಲ್ಲಿ ಅವನು ಕೂಡ ಫುಟ್‌ಬಾಲ್ ಆಡಿರಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿಸಿಕೊಂಡು ಕೈಬಿಟ್ಟಿತು. ಫಿಲಡೆಲ್ಫಿಯಾ ತಂಡ ಅಭ್ಯಾಸದ ಆಳಾಗಿ ಇಟ್ಟುಕೊಂಡಿತು. ಡಿಸೆಂಬರಿನಲ್ಲಿ ಪೇಟ್ರಿಯಟ್ಸ್ ಮತ್ತೆ ಕರೆಸಿಕೊಂಡಿತು. ಡಾಂಟೆ ಸ್ಕಾರ್ನೆಕಿಯಾ ಎಂಬ ಹಳೆಯ ಗುರು ಅವನನ್ನು ಆಕ್ರಮಣದ ಸಾಲಿನಲ್ಲಿ ಗಾರ್ಡ್ ಆಗಿ ಅಕ್ಷರಾಭ್ಯಾಸದಿಂದ ತಿದ್ದಿದ. 2002ರಲ್ಲಿ ಅವಕಾಶ ಸಿಕ್ಕಿತು, ಹೆಗಲಿಗೆ ಪೆಟ್ಟಾಯಿತು. 2003ರಲ್ಲಿ ಆಡಲೇ ಇಲ್ಲ. ಮೂರು ವರ್ಷ ಪ್ರೇಕ್ಷಕರಲ್ಲಿ ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. 2004ರ ಸೀಸನ್ನಿನಲ್ಲಿ, ಲೆಸ್ನರ್ ಮಂಕೇಟೊದಿಂದ ಗಂಟುಮೂಟೆ ಕಟ್ಟಿದ ಅದೇ ಸೀಸನ್ನಿನಲ್ಲಿ, ನೀಲ್ ಪೇಟ್ರಿಯಟ್ಸ್‌ನ ಬಲಗಡೆಯ ಗಾರ್ಡ್ ಆಗಿ ನೆಲೆ ನಿಂತ. 2005ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾವನ್ನು 24-21ರಿಂದ ಸೋಲಿಸಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದಲ್ಲಿ ಅವನಿದ್ದ. 2010ರವರೆಗೆ ಆಡಿದ.

ನೀಲ್ ಮೊದಲಿಗನೂ ಅಲ್ಲ. ಕಾಲೇಜು ಕುಸ್ತಿಯಲ್ಲಿ ಎರಡು ದರ್ಜೆ ಸೇರಿ ಆರು ಪ್ರಶಸ್ತಿ ಗೆದ್ದ ಕಾರ್ಲ್‌ಟನ್ ಹ್ಯಾಸೆಲ್‌ರಿಗ್‌ನನ್ನು 1989ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಕೊನೆಯ ಸುತ್ತಿನಲ್ಲಿ ಆರಿಸಿತ್ತು. ಅವನ ಕಾಲೇಜಿನಲ್ಲಿ ಫುಟ್‌ಬಾಲ್ ತಂಡವೇ ಇರಲಿಲ್ಲ. ಮೂರೇ ವರ್ಷಕ್ಕೆ ದೇಶದ ಉತ್ತಮ ಗಾರ್ಡ್‌ಗಳ ಸಾಲಿಗೆ ಸೇರಿದ. ಇಬ್ಬರೂ ಗಾರ್ಡ್‌ಗಳು ಎನ್ನುವುದನ್ನು ಗಮನಿಸಬೇಕು. ಆಟ ಎಲ್ಲಿಗೆ ಹೋಗುತ್ತದೆಂಬುದು ಗಾರ್ಡ್‌ಗೆ ಮೊದಲೇ ಗೊತ್ತಿರುತ್ತದೆ, ತಡೆಯಬೇಕಾದವನು ಹೆಚ್ಚಾಗಿ ಎದುರಿಗೇ ಇರುತ್ತಾನೆ. ಕುಸ್ತಿಯ ಸಮತೋಲ, ಸೊಂಟದ ಬಲ, ಕೈಹಿಡಿತ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ. ಲೆಸ್ನರ್ ಆರಿಸಿಕೊಂಡದ್ದು ಊಹೆಯ ಮೇಲೆ ನಿಂತ ಸ್ಥಾನ. ಅವನನ್ನು ಗಾರ್ಡ್ ಮಾಡಿದ್ದರೆ? ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎರಗುವುದರಲ್ಲಿ ಸುಖ ಕಂಡವನು ಅವನನ್ನು ಕಾಯುವ ಕೆಲಸಕ್ಕೆ ಒಪ್ಪುತ್ತಿದ್ದನೆಂದು ನನಗನ್ನಿಸುವುದಿಲ್ಲ.

ಮುಂದಿನದು ಚುಟುಕಾಗಿ. 2005ರಲ್ಲಿ ಲೆಸ್ನರ್ ಬೇರೆ ಕುಸ್ತಿ ಕಂಪನಿಗೆ ಹೋಗಬಾರದೆಂಬ ಆ ಷರತ್ತಿನ ವಿರುದ್ಧ ಕೋರ್ಟಿಗೆ ಹೋದ, ವ್ಯಾಜ್ಯ ನಡೆಯುತ್ತಿರುವಾಗಲೇ ಜಪಾನಿನಲ್ಲಿ ಕುಸ್ತಿ ಹಿಡಿದು ಅಲ್ಲಿನ ಪಟ್ಟ ಗೆದ್ದ, 2006ರಲ್ಲಿ ರಾಜಿಯಾಯಿತು. 2007ರಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ ಇಳಿದ. ಅಲ್ಲಿ ಗೆಲುವು ಸೋಲು ಯಾರೂ ಬರೆದಿಟ್ಟದ್ದಲ್ಲ. 2008ರ ಫೆಬ್ರುವರಿಯಲ್ಲಿ, ಆ ಕಾದಾಟದ ಪ್ರಮುಖ ಸಂಸ್ಥೆಯಾದ ಯುಎಫ್‌ಸಿಯ ಮೊದಲ ಪಂದ್ಯದಲ್ಲಿ ಫ್ರಾಂಕ್ ಮಿರ್‌ಗೆ ಒಂದೂವರೆ ನಿಮಿಷದಲ್ಲಿ ಸೋತ. ಅದೇ ನವೆಂಬರಿನಲ್ಲಿ ರ‍್ಯಾಂಡಿ ಕುಟೂರ್‌ನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. ಈ ಹೊಸ ಕಣದಲ್ಲೂ ಅವನು ಹೊಸಬನೇ. ಆದರೆ ಎದುರಿನವನು ಒಬ್ಬನೇ, ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂರುವ ವಿದ್ಯೆ ಚಿಕ್ಕಂದಿನದು. ಇಲ್ಲಿ ಕಾಲೇಜಿನ ಹಳೆಯ ಬಂಡವಾಳ ನಡೆಯಿತು. 2012ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಮರಳಿದ, ಮೊದಲಿಗಿಂತ ದೊಡ್ಡ ತಾರೆಯಾದ.

ಮರಳಿದ ಮೇಲಿನ ಒಂದು ಪಂದ್ಯ ಮಾತ್ರ ಇಲ್ಲಿ ಹೇಳಲೇಬೇಕು. 2015ರ ರೆಸಲ್‌ಮೇನಿಯಾದಲ್ಲಿ ಲೆಸ್ನರ್ ಎದುರು ಬಂದವನು ರೋಮನ್ ರೇನ್ಸ್. ಜಾರ್ಜಿಯಾ ಟೆಕ್‌ನಲ್ಲಿ ಫುಟ್‌ಬಾಲ್ ಆಡಿದವನು. 2007ರಲ್ಲಿ ಅವನನ್ನು ಮೊದಲು ಸೇರಿಸಿಕೊಂಡು ಕೈಬಿಟ್ಟ ಎನ್‌ಎಫ್‌ಎಲ್ ತಂಡ ಮತ್ತಾವುದೂ ಅಲ್ಲ, ಇದೇ ವೈಕಿಂಗ್ಸ್. ಪಂದ್ಯ ನಡೆದದ್ದು ಕ್ಯಾಲಿಫೋರ್ನಿಯಾದ ಲೆವೈಸ್ ಸ್ಟೇಡಿಯಂನಲ್ಲಿ, ನೊಮೆಲಿನಿಯ ಹಳೆಯ ತಂಡ ಫಾರ್ಟಿನೈನರ್ಸ್‌ನ ಮೈದಾನದಲ್ಲಿ. ಒಂದೇ ತಂಡ ಬೇಡವೆಂದ ಇಬ್ಬರನ್ನು ನೋಡಲು ಫುಟ್‌ಬಾಲ್ ಮೈದಾನ ತುಂಬಿತು.

ಲೆಸ್ನರ್ ಹಿಡಿದ ದಾರಿಗೆ ಇನ್ನೊಬ್ಬ ಬಂದ. 2024ರ ಮೇ ತಿಂಗಳ ಕೊನೆಗೆ ಬಫಲೊ ಬಿಲ್ಸ್ ತಂಡ ಗೇಬಲ್ ಸ್ಟೀವ್‌ಸನ್ ಎಂಬುವನನ್ನು ಸೇರಿಸಿಕೊಂಡಿತು. ಮಿನೆಸೊಟಾ ವಿಶ್ವವಿದ್ಯಾಲಯದ ಹೆವಿವೇಟ್ ಕುಸ್ತಿಪಟು, ಎರಡು ಸಲ ಕಾಲೇಜು ಚಾಂಪಿಯನ್, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಾರ್ಜಿಯಾ ದೇಶದ ಪೆಟ್ರಿಯಾಶ್ವಿಲಿಯನ್ನು ಕೊನೆಯ ಸೆಕೆಂಡುಗಳಲ್ಲಿ ಮಣಿಸಿ ಚಿನ್ನ ಗೆದ್ದವನು. ಡಬ್ಲ್ಯುಡಬ್ಲ್ಯುಇ ಅವನನ್ನು 2021ರಲ್ಲಿ ಕರೆದುಕೊಂಡು 2024ರ ಮೇನಲ್ಲಿ ಬಿಟ್ಟುಕೊಟ್ಟಿತ್ತು. ಫುಟ್‌ಬಾಲನ್ನು ಅವನು ಶಾಲೆಯಲ್ಲೂ ಆಡಿರಲಿಲ್ಲ. ಬಿಲ್ಸ್‌ನ ಆಗಿನ ಮುಖ್ಯ ಕೋಚ್ ಶಾನ್ ಮೆಕ್‌ಡರ್ಮಟ್ ಸ್ವತಃ ಶಾಲಾ ದಿನಗಳಲ್ಲಿ ಕುಸ್ತಿ ಚಾಂಪಿಯನ್ ಆಗಿದ್ದವನು. ಕುಸ್ತಿಯ ಹುಡುಗರೆಂದರೆ ಅಕ್ಕರೆ. ಸ್ಟೀವ್‌ಸನ್‌ನನ್ನು ನಿಲ್ಲಿಸಿದ ಜಾಗ ಮತ್ತೆ ರಕ್ಷಣಾ ಸಾಲೇ. ಆಗಸ್ಟ್ ಕೊನೆಗೆ 53ರ ಪಟ್ಟಿ ಹೊರಬಿದ್ದಾಗ ಅವನ ಹೆಸರಿರಲಿಲ್ಲ. ಕಾಲೇಜಿಗೆ ಮರಳಿ ಇನ್ನೊಂದು ವರ್ಷ ಚಾಪೆಗಿಳಿದ. 2025ರ ಮಾರ್ಚ್‌ನಲ್ಲಿ ಫೈನಲ್‌ನಲ್ಲಿ ಒಂದು ಅಂಕದಿಂದ ಸೋತ. ಅದಾದ ಮೇಲೆ ಅವನೂ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಸೇರಿದ, ಮೊದಲ ಪಂದ್ಯವನ್ನು ಎರಡು ನಿಮಿಷದೊಳಗೆ ಮುಗಿಸಿದ.